ರಾಯರ ಇತ್ತೀಚಿನ ಆರ್ಡರ್

ನಮ್ಮಣ್ಣ ಅಡುಗೆ ಕಾಂಟ್ರಾಕ್ಟರ್. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ಆಫೀಸು. ಹಿತ್ತಲ ತುಂಬ ಕೊಪ್ಪರಿಗೆ, ಕಡಾಯಿ, ನನ್ನಷ್ಟೇ ಎತ್ತರದ ಸೌಟುಗಳು. ಅಪ್ಪನ ಕಾಲದಿಂದ ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳ ಮದುವೆ ಮುಂಜಿಗೆ ನಾವೇ ಬಡಿಸಿದ್ದೇವೆ. ಅಷ್ಟು ಜನರ ಮದುವೆಗೆ ಅಡುಗೆ ಮಾಡಿದ ಮನೆಯಲ್ಲಿ ನಾನೊಬ್ಬಳು ಮದುವೆಯಾಗದೆ ಉಳಿದೆ. ಬೇಜಾರೇನಿಲ್ಲ. ಒಂದು ವಿಮಾ ಆಫೀಸಿನ ಕಂಪ್ಯೂಟರ್ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದೆ. ಈಗ ಮಹಡಿಯ ಕೋಣೆಯಲ್ಲಿದ್ದುಕೊಂಡು ಅಣ್ಣನ ತಲೆ ತಿನ್ನುತ್ತೇನೆ. ಅವನೂ ನನ್ನ ತಲೆ ತಿನ್ನುತ್ತಾನೆ. ಚೆನ್ನಾಗಿಯೇ ಇದ್ದೇವೆ.

ಅತ್ತಿಗೆ ತೀರಿಕೊಂಡ ಮೇಲೆ ಕೆಳಗಿನ ಮನೆಯಲ್ಲಿ ಅಣ್ಣ ಮತ್ತು ಅವನ ಮಗಳು ಇಬ್ಬರೇ. ಹುಡುಗಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ದಿನ ಅದನ್ನು ಬಿಟ್ಟು ಬಂದು, "ಅಪ್ಪಾ, ಇನ್ಮೇಲೆ ನಾನು ನಡೆಸ್ತೀನಿ" ಅಂದಳು. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನಿಗೆ ಮಂಡಿ ನೋವು. ಮರೆವೂ ಶುರುವಾಗಿತ್ತು, ಹಿಂದಿನ ವೈಶಾಖದಲ್ಲಿ ಒಂದೇ ಮುಹೂರ್ತಕ್ಕೆ ಎರಡು ಮನೆಗೆ ಮಾತು ಕೊಟ್ಟು ಫಜೀತಿ ಮಾಡಿಕೊಂಡಿದ್ದ. ಆದರೂ ಹೆಣ್ಣುಮಗಳು ಒಲೆ ಮುಂದೆ ನಿಂತು ಇಪ್ಪತ್ತು ಜನ ಅಡುಗೆಯವರನ್ನು ಹೇಗೆ ಆಳುತ್ತಾಳೆ ಅನ್ನುವ ಅನುಮಾನ. "ನಿನ್ನ ತಂಗಿ ಇಷ್ಟು ವರ್ಷ ನಿನ್ನನ್ನ ಆಳಿಲ್ವಾ?" ಅಂತ ನಾನು ಕೇಳಿದ್ದಕ್ಕೆ ಎದ್ದು ಹೋದ.

ಕೊನೆಗೆ ಒಂದು ಷರತ್ತು ಹಾಕಿದ. "ಒಂದು ವರ್ಷ ನಡ್ಸು, ನೋಡ್ತೀನಿ. ಆದ್ರೆ ಅಪ್ಪನ ಕಾಲದಿಂದ ಬಂದಿರೋ ಹಳೇ ಮನೆಗಳಿವೆಯಲ್ಲ, ಅದ್ರಲ್ಲಿ ಒಂದೇ ಒಂದು ಮನೆಯವರು ನಮ್ಮನ್ನ ಬೇಡ ಅಂದ್ರೂ ಬಾಗಿಲು ಹಾಕ್ಬಿಡ್ತೀನಿ. ಪಾತ್ರೆಗೀತ್ರೆ ಎಲ್ಲ ಮಾರಿ ಸುಮ್ನೆ ಕೂತ್ಕೋತೀನಿ."

ಹುಡುಗಿ ಒಪ್ಪಿದಳು. ಅವಳಿಗೆ ಬೇರೆ ಯಾವ ಕೆಲಸವೂ ಬೇಕಿರಲಿಲ್ಲ. "ಅತ್ತೆ, ಆಡಿಟರ್ ಆಫೀಸಲ್ಲಿ ಕೂತಿದ್ರೂ ಹನ್ನೊಂದು ಗಂಟೆಗೆ ನನಗೆ ಒಗ್ಗರಣೆ ವಾಸನೆ ಬರೋದು" ಅಂತ ಒಮ್ಮೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ ಹೇಳಿದ್ದಳು. ಅವತ್ತೇ ನಾನು ಅವಳ ಪಾರ್ಟಿ ಸೇರಿದೆ.

ಬಂದವಳು ಮೊದಲು ಮಾಡಿದ ಕೆಲಸ, ಹಿಂದಿನ ಕೆಲವು ವರ್ಷಗಳ ಆರ್ಡರುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದು. ಗಿರಾಕಿಯ ಹೆಸರು, ಫೋನ್ ನಂಬರು, ತಾರೀಖು, ಏನು ಸಮಾರಂಭ, ಎಷ್ಟು ಎಲೆ, ಏನೇನು ಅಡುಗೆ. ಹಬ್ಬದ ಮುಂಚೆ ಎಲ್ಲ ಹಳೇ ಗಿರಾಕಿಗಳಿಗೂ ಒಂದು ವಾಟ್ಸಾಪ್ ಮೆಸೇಜ್ ಕಳಿಸಬೇಕು, ಅದರಲ್ಲಿ ಅವರವರು ಹಿಂದಿನ ಸಲ ಮಾಡಿಸಿದ ಅಡುಗೆಯ ಪ್ರಸ್ತಾಪ ಇರಬೇಕು ಅನ್ನುವುದು ಅವಳ ಯೋಚನೆ. ಒಳ್ಳೆಯ ಯೋಚನೆಯೇ. ತೊಂದರೆ ಏನೆಂದರೆ ಒಂದೊಂದು ಮನೆಗೆ ನಾಲ್ಕೈದು ಸಾಲುಗಳಿದ್ದವು. ನಿಶ್ಚಿತಾರ್ಥ ಒಂದು ಸಾಲು, ಮದುವೆ ಒಂದು, ಸೀಮಂತ ಒಂದು, ನಾಮಕರಣ ಇನ್ನೊಂದು. ಹಾಗೇ ಕಳಿಸಿದರೆ ಒಂದೇ ಮನೆಗೆ ಮೆಸೇಜುಗಳ ಮಳೆ.

"ಅತ್ತೆ, ಹಳೇ ಸಾಲುಗಳೂ ಇರ್ಲಿ. ಆದ್ರೆ ಪ್ರತಿ ಗಿರಾಕಿಯ ಲೇಟೆಸ್ಟ್ ಸಾಲಿಗೆ ಮಾತ್ರ ಒಂದು ಗುರುತು ಬೇಕು. ಮಾಡ್ಕೊಡ್ತೀರಾ?" ಅಂದಳು.

ಮಾಡಿಕೊಡುವುದೇನು, ಆಫೀಸಿನಲ್ಲಿ ಪಾಲಿಸಿದಾರರ ಪಟ್ಟಿಗೆ ಇದನ್ನೇ ಮಾಡಿ ಮಾಡಿ ನನ್ನ ಕೂದಲು ನೆರೆತದ್ದು. ಎಷ್ಟೋ ದಿನದ ಮೇಲೆ ನನಗೆ ಗೊತ್ತಿರುವ ಕೆಲಸವನ್ನು ಒಬ್ಬರು ಕೇಳಿದ್ದರು. ಸಾಲುಗಳನ್ನೆಲ್ಲ ಫೋನ್ ನಂಬರಿನ ಪ್ರಕಾರ ಒಟ್ಟುಗೂಡಿಸಿ, ಒಂದೊಂದು ನಂಬರಿನೊಳಗೆ ಹೊಸ ತಾರೀಖು ಮೇಲೆ ಬರುವಂತೆ ಜೋಡಿಸಿದೆ. ಆಮೇಲೆ ಪಕ್ಕದ ಖಾಲಿ ಕಾಲಮ್ಮಿನಲ್ಲಿ ಕಂಪ್ಯೂಟರಿಗೆ ಒಂದೇ ಪ್ರಶ್ನೆ: ಮೇಲಿನ ಸಾಲಿನಲ್ಲಿರುವುದೂ ಇದೇ ನಂಬರಾ? ಹೌದಾದರೆ ಸೊನ್ನೆ ಹಾಕು, ಅಲ್ಲವಾದರೆ ಒಂದು ಹಾಕು. ಒಂದು ಬಿದ್ದ ಸಾಲೇ ಆ ಗಿರಾಕಿಯ ಇತ್ತೀಚಿನ ಆರ್ಡರು. ಒಂದೇ ದಿನ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ ಅಂತ ಎರಡು ಸಾಲಿದ್ದ ಮನೆಗಳಲ್ಲಿ ಊಟ ಮೇಲೆ ಬರುವಂತೆಯೂ ನೋಡಿಕೊಂಡೆ. ಸಂಜೆಯೊಳಗೆ ಪ್ರತಿ ಮನೆಗೂ ಒಂದೇ ಒಂದು 'ಒಂದು'. ಕಣ್ಣಿಗೆ ಹಬ್ಬ! ಅಣ್ಣನನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಏನೋಪ್ಪ, ಬರೀ ಒಂದು, ಸೊನ್ನೆ" ಅಂದು ಕಾಫಿ ಕುಡಿಯಲು ಹೋದ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಮದುವೆಗೆ ಅಡುಗೆ ಮಾಡುವವರು ಸಾಮಾನ್ಯವಾಗಿ ಸಾವಿನ ಮನೆಯ ಕೆಲಸ ಒಪ್ಪಿಕೊಳ್ಳುವುದಿಲ್ಲ, ಅದಕ್ಕೆ ಬೇರೆಯವರಿರುತ್ತಾರೆ. ಅಪ್ಪ ಮಾತ್ರ ಹಳೇ ಮನೆಗಳಿಗೆ ವೈಕುಂಠ ಸಮಾರಾಧನೆಯ ಊಟವನ್ನೂ ಮಾಡಿಕೊಡುತ್ತಿದ್ದ. "ನಗೋವಾಗ ಬಡ್ಸಿದೀವಿ, ಅಳೋವಾಗ ಬರಲ್ಲ ಅನ್ನೋಕಾಗತ್ತಾ?" ಅನ್ನುತ್ತಿದ್ದ. ಆದರೆ ಆಫೀಸು ಕೋಣೆಯಲ್ಲಿ ಲಕ್ಷ್ಮಿ ಪಟದ ಎದುರು ಆ ಹೆಸರು ಎತ್ತುವಂತಿಲ್ಲ, ಬರೆಯುವಂತೆಯೂ ಇಲ್ಲ. ಅಂಥ ಆರ್ಡರ್ ಬಂದರೆ 'ಊಟ' ಅಂತ ಅಷ್ಟೇ ಬರೆಯುವುದು. ಅಣ್ಣ ಅದನ್ನೇ ನಡೆಸಿಕೊಂಡು ಬಂದಿದ್ದ, ಕಂಪ್ಯೂಟರಿಗೂ ಅದೇ ಕಾನೂನು ಹೇರಿದ್ದ. ಗೃಹಪ್ರವೇಶದ ಮಾರನೇ ದಿನದ ಊಟವೂ 'ಊಟ', ಷಷ್ಟಿಪೂರ್ತಿಯ ಊಟವೂ 'ಊಟ', ಇದೂ 'ಊಟ'.

ಮೆಸೇಜನ್ನು ಹುಡುಗಿಯೇ ಬರೆದಳು. ನಾನು ಓದಿ ಭೇಷ್ ಅಂದೆ. ಒಂದು ಬಿದ್ದ ಸಾಲುಗಳನ್ನು ಮಾತ್ರ ಆರಿಸಿ ಬೆಳಿಗ್ಗೆ ಕಳಿಸಿದೆವು. ಒಂದೊಂದಾಗಿ ಉತ್ತರ ಬರತೊಡಗಿತು. ಮಲ್ಲೇಶ್ವರದ ಮನೆಯೊಂದು ಹಿಂದಿನ ಸಲದ್ದೇ ಬಿಸಿಬೇಳೆಬಾತಿಗೆ ಮತ್ತೆ ಆರ್ಡರ್ ಕೊಟ್ಟಿತು. ಹುಡುಗಿ ಕುಣಿದಾಡುವುದೊಂದು ಬಾಕಿ. ಊಟದ ಹೊತ್ತಿಗೆ ಇನ್ನೊಂದು ಉತ್ತರ ಬಂತು. ಅವಳು ಫೋನ್ ನೋಡಿ ಕಿಟಾರನೆ ಕಿರುಚಿದಳು.

ಗಾಂಧಿ ಬಜಾರಿನ ಹಿಂದಿನ ರಸ್ತೆಯ ರಾಯರಿಂದ ಉತ್ತರ ಬಂದಿತ್ತು. ದುಂಡು ಫೋಟೋದಲ್ಲಿ ಅವರೇ ನಗುತ್ತಿದ್ದರು. "ನಾಳೆ ಬೆಳಿಗ್ಗೆ ಮನೆಗೆ ಬನ್ನಿ. ಮಾತಾಡಬೇಕು" ಅಂತ ಇತ್ತು. ಆ ರಾಯರು ಹೋಗಿ ನಾಲ್ಕು ತಿಂಗಳಾಗಿತ್ತು. ಅವರ ಸಮಾರಾಧನೆಗೆ ನಾವೇ ಅಡುಗೆ ಮಾಡಿದ್ದೆವು.

ಅಣ್ಣ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. "ಏನಂತ ಕಳ್ಸಿದ್ರಿ? ಓದು."

ಹುಡುಗಿ ಓದಿದಳು. "ರಾಯರಿಗೆ ನಮಸ್ಕಾರ. ಕಳೆದ ಬಾರಿ ನೀವು ನಮ್ಮಲ್ಲಿ ಮಾಡಿಸಿದ ಊಟ ಹೇಗಿತ್ತು? ನೀವು ಮೆಚ್ಚಿದ ಹಯಗ್ರೀವ, ಮಜ್ಜಿಗೆಹುಳಿ, ಆಂಬೊಡೆ ಮತ್ತೊಮ್ಮೆ ಸವಿಯಬೇಕೆನಿಸಿದರೆ ತಿಳಿಸಿ. ಇಂಥ ಸಂಭ್ರಮ ನಿಮ್ಮ ಮನೆಯಲ್ಲಿ ಮತ್ತೆ ಮತ್ತೆ ಬರಲಿ."

ಅಯ್ಯೋ ರಾಮ! ಮಗ ಬಂದು ಆರ್ಡರ್ ಕೊಟ್ಟಿದ್ದರೂ ಹಳೇ ಗಿರಾಕಿ ಅಂತ ಅದನ್ನು ರಾಯರ ನಂಬರಿಗೇ ಹಾಕಲಾಗಿತ್ತು. ನನ್ನ ಕಾಲಮ್ಮಿನಲ್ಲಿ ತಪ್ಪಿರಲಿಲ್ಲ, ಅದು ನಿಜವಾಗಿಯೂ ರಾಯರ ಇತ್ತೀಚಿನ ಆರ್ಡರೇ. ಅದರ ಎದುರು ಒಂದು ಬಿದ್ದಿತ್ತು, ಸಮಾರಂಭ ಅನ್ನುವಲ್ಲಿ 'ಊಟ' ಅಂತಿತ್ತು. ಹಿಂದಿನ ಸಾಲುಗಳಲ್ಲಿ ಮೊಮ್ಮಗನ ಮುಂಜಿ, ಅವರದೇ ಸಹಸ್ರ ಚಂದ್ರ ದರ್ಶನದ ಶಾಂತಿ, ಎಲ್ಲ ಇದ್ದವು. ಎಲ್ಲಕ್ಕೂ ಸೊನ್ನೆ.

ಅಣ್ಣನಿಗೆ ಸಿಟ್ಟು ಬಂದಾಗ ಅವನು ಕೂಗುವುದಿಲ್ಲ, ಪಿಸುಗುಟ್ಟುತ್ತಾನೆ. "ಸಾವಿನ ಮನೆಯಿಂದ ಹೊರಡೋವಾಗ ಹೋಗಿಬರ್ತೀನಿ ಅಂತ ಕೂಡ ಅನ್ನಲ್ಲ ನಾವು. ಸುಮ್ನೆ ಎದ್ದು ಬರ್ತೀವಿ. ನೀವು ಮತ್ತೆ ಮತ್ತೆ ಬರಲಿ ಅಂತ ಕಳ್ಸಿದೀರಲ್ಲಾ! ಅದೂ ಯಾರಿಗೆ? ಹೋದವರಿಗೇ!"

"ನೀನು ಅದನ್ನ ಊಟ ಅಂತ ಬರೆಸದೆ ಇದ್ದಿದ್ರೆ ಹೀಗಾಗ್ತಿತ್ತಾ?" ಅಂತ ನಾನು ಜೋರು ಮಾಡಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ. "ದೇವರ ಪಟಕ್ಕೆ ಹೆದರಿ ಕಂಪ್ಯೂಟರಿಗೂ ಸುಳ್ಳು ಹೇಳಿಸಿದೆ. ಅದಕ್ಕೇನು ಕನಸು ಬೀಳತ್ತಾ?"

"ರಾಯರ ಮನೆ ಅಂದ್ರೆ ಅಪ್ಪನ ಮೊದಲನೇ ಗಿರಾಕಿ ಕಣೇ" ಅಂದ ಅಣ್ಣ. ಅಷ್ಟು ಹೇಳಿ ಕೈ ತೊಳೆಯಲು ಎದ್ದ. ಹುಡುಗಿ ನನ್ನ ಮುಖ ನೋಡಿದಳು. ಅವಳು ಷರತ್ತನ್ನು ನೆನೆಯುತ್ತಿದ್ದಳು, ನಾನೂ ಅದನ್ನೇ ನೆನೆಯುತ್ತಿದ್ದೆ. ಹಳೇ ಮನೆಗಳಲ್ಲೆಲ್ಲ ಹಳೇ ಮನೆ ಅದು. ಅವರು ಬೇಡ ಅಂದರೆ ಅವಳ ಕಥೆ ಮುಗಿಯಿತು. ತಲೆ ಬಗ್ಗಿಸಿ ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ.

ಮಾರನೇ ದಿನ ಮೂವರೂ ಆಟೋ ಹತ್ತಿದೆವು. ಗಾಂಧಿ ಬಜಾರಿನಲ್ಲಿ ಇಳಿದ ಮೇಲೆ ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕು ಅನ್ನುವುದೇ ಒಂದು ಜಗಳ. ಬರಿಗೈಯಲ್ಲಿ ಹೋಗಬಾರದು ಅಂತ ನಾನು, ಇಂಥ ಮನೆಗೆ ಹಣ್ಣುಕಾಯಿ ಯಾಕೆ ಅಂತ ಅಣ್ಣ. ಬಾಳೆಹಣ್ಣಿನ ಗಾಡಿಯವನು ಇಬ್ಬರ ಮುಖವನ್ನೂ ನೋಡಿ, "ತಗೊಂಡ್ರೆ ತಗೊಳಿ, ಇಲ್ಲಾಂದ್ರೆ ಪಕ್ಕಕ್ಕೆ ನಿಂತ್ಕೊಂಡು ಜಗಳ ಆಡಿ" ಅಂದ. ಹುಡುಗಿ ಮಾತಾಡದೆ ಒಂದು ಚಿಪ್ಪು ಕೊಂಡು ಮುಂದೆ ನಡೆದಳು.

ರಾಯರ ದೊಡ್ಡ ಮಗ ಬಾಗಿಲು ತೆಗೆದರು. ಬ್ಯಾಂಕಿನಲ್ಲಿರುವವರು, ಐವತ್ತು ದಾಟಿದವರು. ಅವರ ಮುಂಜಿಗೆ ನಮ್ಮಪ್ಪ ಬಡಿಸಿದ್ದನ್ನು ನಾನೇ ನೋಡಿದ್ದೇನೆ. ಯಾವಾಗಲೂ ನಗುನಗುತ್ತ ಮಾತಾಡಿಸುತ್ತಿದ್ದವರು ಅವತ್ತು "ಬನ್ನಿ" ಅಂದರು, ಕೂತುಕೊಳ್ಳಿ ಅನ್ನಲಿಲ್ಲ.

"ನಮ್ಮಪ್ಪನಿಗೇ ಮೆಸೇಜ್ ಕಳಿಸಿದೀರಲ್ರೀ, ಊಟ ಹೇಗಿತ್ತು ಅಂತ. ಆ ಫೋನು ಅಮ್ಮನ ಹತ್ರ ಇರತ್ತೆ. ಅಮ್ಮ ಅದನ್ನ ಓದಿದಾರೆ. ಏನು ಹೇಳೋಣ ನಿಮಗೆ?"

ಅಣ್ಣ ಕೈ ಮುಗಿದ. "ತಪ್ಪಾಯ್ತು" ಅಂದ. ಹುಡುಗಿ ಮುಂದೆ ಬಂದು, "ಬರೆದಿದ್ದು ನಾನು ಸಾರ್. ಅಪ್ಪನಿಗೆ ಗೊತ್ತೇ ಇರಲಿಲ್ಲ. ನನ್ನನ್ನ ಬಯ್ಯಿರಿ" ಅಂದಳು. ಪಟ್ಟಿ ಮಾಡಿದ್ದು ನಾನು, ಪಟ್ಟಿಯ ಮಟ್ಟಿಗೆ ಎಲ್ಲ ಸರಿಯಾಗಿಯೇ ಇತ್ತು ಅಂತ ವಿವರಿಸಲು ನಾನೂ ಬಾಯಿ ತೆರೆದೆ. ಅಣ್ಣ ನನ್ನ ಕಾಲು ತುಳಿದ.

ಅಷ್ಟರಲ್ಲಿ ಅಮ್ಮ ಒಳಗಿಂದ ಬಂದರು. ರಾಯರ ಹೆಂಡತಿಯನ್ನು ನಾವೆಲ್ಲ ಚಿಕ್ಕಂದಿನಿಂದ ಅಮ್ಮ ಅಂತಲೇ ಕರೆಯುವುದು. ಸೊರಗಿದ್ದರು. ಕೈಯಲ್ಲಿ ರಾಯರ ಫೋನು. ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು ಆ ಮೆಸೇಜನ್ನು ಮೊದಲಿನಿಂದ ಕೊನೆಯವರೆಗೂ ಗಟ್ಟಿಯಾಗಿ ಓದಿದರು. "ಮತ್ತೆ ಮತ್ತೆ ಬರಲಿ" ಅನ್ನುವುದನ್ನೂ ಬಿಡಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಓದಿ ಮುಗಿಸಿ ಹುಡುಗಿಯನ್ನು ನೋಡಿದರು. "ಮಗೂ, ಇದನ್ನ ಬರೆದಿದ್ದು ನೀನಾ?"

"ಹೂಂ ಅಮ್ಮ. ತಪ್ಪಾಯ್ತು."

"ಊಟ ಹೇಗಿತ್ತು ಅಂತ ಕೇಳಿದೀಯ. ನನಗೆ ಗೊತ್ತಿಲ್ವಲ್ಲಮ್ಮ" ಅಂದರು. "ಅವತ್ತು ನನಗೂ ಎಲೆ ಹಾಕಿ ಬಡಿಸಿದ್ರು. ಕೂತಿದ್ದೆ. ಅಷ್ಟರಲ್ಲಿ ಮೈಸೂರಿನವರು ಬಂದ್ರು, ಅಳ್ತಾ ಬಂದ್ರು, ಎದ್ದೆ. ಮತ್ತೆ ಇನ್ಯಾರೋ ಬಂದ್ರು. ತಿರುಗಿ ನೋಡೋ ಹೊತ್ತಿಗೆ ಎಲೆ ಎತ್ತಿದ್ರು."

ಮಗ, "ಅಮ್ಮಾ, ನೀನು ತಿಂದೆ ಅಂದ್ಕೊಂಡಿದ್ವಿ" ಅಂದರು.

"ನೀವು ಅಂದ್ಕೊಂಡ್ರಿ. ಯಾರೂ ಕೇಳ್ಲಿಲ್ಲ." ಸಿಟ್ಟಿನಿಂದ ಹೇಳಲಿಲ್ಲ, ಸುಮ್ಮನೆ ಹೇಳಿದರು. "ಅವರಿಗೆ ಹಯಗ್ರೀವ ಅಂದ್ರೆ ಪ್ರಾಣ. ಶುಗರ್ ಬಂದ್ಮೇಲೆ ಡಾಕ್ಟ್ರು ಮುಟ್ಟಬೇಡಿ ಅಂದ್ರು. ಅವರ ಎದುರಿಗೆ ನಾನು ಹೇಗೆ ತಿನ್ಲಿ? ನಾನೂ ಬಿಟ್ಟೆ. ಈ ಮನೇಲಿ ಅದನ್ನ ಮಾಡೇ ಇಲ್ಲ, ಎಷ್ಟೋ ವರ್ಷ ಆಯ್ತು. ಅವತ್ತು ಅವರ ಹೆಸರು ಹೇಳಿ ಊರೆಲ್ಲ ತಿಂತು. ನನಗೊಂದು ತುತ್ತು ಸಿಗಲಿಲ್ಲ. ಆಮೇಲೆ ಎಲ್ಲರೂ ಧೈರ್ಯ ತಗೋ ಅಂತಾರೆ, ಮಾತ್ರೆ ತಗೊಂಡ್ಯಾ ಅಂತಾರೆ. ಊಟ ಹೇಗಿತ್ತು ಅಂತ ಕೇಳಿದ್ದು ನೀನೊಬ್ಬಳೇ."

ಹುಡುಗಿ ಬಾಳೆಹಣ್ಣಿನ ಚೀಲ ಹಿಡಿದೇ ನಿಂತಿದ್ದಳು. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

"ಮತ್ತೊಮ್ಮೆ ಬೇಕಾದ್ರೆ ತಿಳಿಸಿ ಅಂತ ಬರೆದಿದೀಯಲ್ಲ. ಬೇಕು. ಅದೇ ಅಡುಗೆ. ಈ ಸಲ ನಾನು ಕೂತು ತಿನ್ಬೇಕು. ಮಾಡ್ಕೊಡ್ತೀಯಾ?"

ಅಣ್ಣ ಮುಂದೆ ಬಂದು, "ಖಂಡಿತ ಅಮ್ಮ, ಯಾವತ್ತು ಅಂತ ಹೇಳಿ, ನಾನೇ ನಿಂತು..." ಅಂತ ಶುರುಮಾಡಿದ.

"ನಿನ್ನನ್ನ ಕೇಳ್ಲಿಲ್ಲ ಕಣಪ್ಪ. ಅವಳನ್ನ ಕೇಳ್ತಿದೀನಿ."

ಮಗ ಸಂಕೋಚದಿಂದ, "ಅಮ್ಮ, ವರ್ಷ ತುಂಬೋವರೆಗೆ ಮನೇಲಿ ಹಬ್ಬದಡುಗೆ ಮಾಡಲ್ವಲ್ಲ" ಅಂದರು.

"ನಾವೆಲ್ಲಿ ಮಾಡ್ತೀವೋ? ಅವರು ಮಾಡಿ ತರ್ತಾರೆ. ನಾವು ತಿಂತೀವಿ" ಅಂದರು ಅಮ್ಮ. ಮಗನಿಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ಆಮೇಲೆ ನಮ್ಮನ್ನು ಕೂತುಕೊಳ್ಳಿ ಅಂದರು, ಕಾಫಿಯೂ ಬಂತು.

ಮುಂದಿನ ಭಾನುವಾರ ಇಪ್ಪತ್ತು ಎಲೆಯ ಅಡುಗೆ. ಹುಡುಗಿ ಬೇರೆ ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಕಡಲೆಬೇಳೆ ಬೆಂದಿತೇ ಅಂತ ತಾನೇ ಹಿಸುಕಿ ನೋಡಿದಳು, ಬೆಲ್ಲ ತಾನೇ ಹಾಕಿದಳು, ಕೊನೆಯಲ್ಲಿ ಗಸಗಸೆ, ಒಣಕೊಬ್ಬರಿ ಉದುರಿಸಿದಳು. ಅಣ್ಣ ಹಿತ್ತಲ ಬಾಗಿಲಲ್ಲಿ ನಿಂತು ನಾಲ್ಕು ಸಲ ಕೆಮ್ಮಿದ. ಸಲಹೆ ಕೊಡಬೇಕೆಂದಾಗ ಅವನು ಹಾಗೆ ಕೆಮ್ಮುವುದು. ಅವಳು ತಿರುಗಿಯೂ ನೋಡಲಿಲ್ಲ. ಒಳಗೊಳಗೇ ನನಗೆ ಎಂಥ ಖುಷಿ!

ರಾಯರ ಮನೆಯ ಹಜಾರದಲ್ಲಿ ಎಲೆ ಹಾಕಿದೆವು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಅಕ್ಕಪಕ್ಕದ ಎರಡು ಮನೆಯವರು. ಅಮ್ಮ ನಡುವೆ ಕೂತರು. ಅಣ್ಣ ಎಂದಿನಂತೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗೋಡೆಗೆ ಒರಗಿದ್ದ. ಬಡಿಸುವ ಮನೆಗಳಲ್ಲಿ ಅವನು ಕೂತು ಉಂಡಿದ್ದನ್ನು ನಾನು ಕಂಡಿಲ್ಲ. ಅಮ್ಮ ತಮ್ಮ ಎದುರಿನ ಖಾಲಿ ಎಲೆ ತೋರಿಸಿದರು. "ಕೂತ್ಕೋ."

"ಅಯ್ಯೋ, ನಾವು ಆಮೇಲೆ..."

"ಕೂತ್ಕೊಳಪ್ಪ ಅಂದೆ."

ಮಂಡಿ ಹಿಡಿದುಕೊಂಡು ಕೂತ. ಹುಡುಗಿ ಬಡಿಸುತ್ತ ಬಂದಳು. ಉಪ್ಪು, ಕೋಸಂಬರಿ, ಪಲ್ಯ, ಆಂಬೊಡೆ. ಕೊನೆಗೆ ಹಯಗ್ರೀವ. ಅಮ್ಮ ಬೇರೇನೂ ಮುಟ್ಟದೆ ಅದನ್ನೇ ಮೊದಲು ಬಾಯಿಗಿಟ್ಟರು. ಕಣ್ಣು ಮುಚ್ಚಿ ತುಂಬ ಹೊತ್ತು ಅಗಿದರು. ಕಣ್ಣೀರು ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ. "ಅವರಿಗೆ ಒಂದೇ ಒಂದು ಸಲ ಕೊಟ್ಟುಬಿಡಬೇಕಿತ್ತು ಕಣ್ರೋ" ಅಂದರು. ದೊಡ್ಡ ಮಗ ಎದ್ದು ಬಂದು ಪಕ್ಕದಲ್ಲಿ ಕೂತು ಅಮ್ಮನ ಬೆನ್ನು ಸವರಿದರು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಹುಡುಗಿಯತ್ತ ತಿರುಗಿ, "ಇನ್ನೊಂಚೂರು ಹಾಕಮ್ಮ" ಅಂದರು. ಆಮೇಲೆ ಅನ್ನ, ಹುಳಿ, ಮಜ್ಜಿಗೆಹುಳಿ, ಒಂದೂ ಬಿಡದೆ ಊಟ ಮಾಡಿದರು. ನಾಲ್ಕು ತಿಂಗಳಿಂದ ಅಮ್ಮ ಹೀಗೆ ಉಂಡಿರಲಿಲ್ಲ ಅಂತ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು.

ಎದುರಿಗೆ ಅಣ್ಣನೂ ಉಣ್ಣುತ್ತಿದ್ದ. ಮಗಳು ಹಯಗ್ರೀವ ಹಾಕಿದಾಗ ಸಾಕು ಅಂತ ಕೈ ಅಡ್ಡ ಹಿಡಿಯಲಿಲ್ಲ. ತಿಂದ. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅನ್ನಲಿಲ್ಲ. ಹುಡುಗಿ ಅವನ ಮುಖವನ್ನೇ ನೋಡುತ್ತಿದ್ದಳು. ನನಗಂತೂ ಅವನ ತಲೆಗೊಂದು ಮೊಟಕೋಣ ಅನ್ನಿಸಿತು. ವಾಪಸು ಆಟೋದಲ್ಲಿ ಬರುವಾಗಲೂ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದ. ಷರತ್ತಿನ ಸುದ್ದಿ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಆಫೀಸು ಕೋಣೆಯಲ್ಲಿ ಪೇಪರ್ ಓದುತ್ತಿದ್ದೆ. ಹುಡುಗಿ ಹಿತ್ತಲಿನಲ್ಲಿ ತರಕಾರಿ ತೂಗಿಸುತ್ತಿದ್ದಳು, ಅವಳ ದನಿ ಒಳಗೆ ಕೇಳುತ್ತಿತ್ತು. ಅಣ್ಣನಿಗೆ ಒಂದು ಫೋನ್ ಬಂತು. ಯಾರದೋ ಮದುವೆ, ಹೊಸಬರು. ಎರಡು ದಿನದ ಅಡುಗೆ, ದೊಡ್ಡ ಛತ್ರ. ಅಣ್ಣ ಎಲ್ಲ ಕೇಳಿಸಿಕೊಂಡ, ಹೂಂ ಹೂಂ ಅಂದ. ಆಮೇಲೆ ಅವನು ಹೇಳಿದ್ದು ಇಷ್ಟು.

"ಇದನ್ನೆಲ್ಲ ನೀವು ಓನರ್ ಹತ್ರ ಮಾತಾಡ್ಬೇಕು. ಒಳಗಿದಾರೆ, ಕರೀತೀನಿ, ಒಂದ್ನಿಮಿಷ ಇರಿ." ಆ ಕಡೆಯವರು ಏನೋ ಕೇಳಿದರು. ಅಣ್ಣ ಎದ್ದು ಹಿತ್ತಲ ಬಾಗಿಲವರೆಗೂ ನಡೆದ, ಫೋನನ್ನು ಮಗಳತ್ತ ಚಾಚುವ ಮೊದಲು ಉತ್ತರ ಕೊಟ್ಟ.

"ನಾನಾ? ನಾನು ಅವರ ತಂದೆ."